600 ಗಂಟೆ ಕನ್ನಡ ವಾಯ್ಸ್ ಡೇಟಾ ಕೊಳ್ಳುವ ಮುಂಚೆ ಏನೇನು ನೋಡಬೇಕು?

ಕಬ್ಬಿನಜಲ್ಲೆ (ಮಂಡ್ಯ):

ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಸೇರಿ ಮಂಡ್ಯದಲ್ಲಿ ಒಂದು ಸಣ್ಣ ಕಂಪನಿ ನಡೆಸುತ್ತಿದ್ದೇವೆ. ರೈತರು ಫೋನ್ ಮಾಡಿ ಕಬ್ಬಿನ ಕಟಾವು, ನಾಲೆ ನೀರು, ಗೊಬ್ಬರ, ಬಾಕಿ ಬಿಲ್ಲು ಅಂತ ಕೇಳಿದರೆ ಕಂಪ್ಯೂಟರೇ ಕೇಳಿಸಿಕೊಂಡು ಉತ್ತರ ಹೇಳಬೇಕು. ಅಷ್ಟೇ ನಮ್ಮ ಕೆಲಸ. ಮಾತು ಕೇಳಿ ಬರೆದುಕೊಳ್ಳುವ, ಪುಕ್ಕಟೆ ಸಿಗುವ ಒಂದು ಕಂಪ್ಯೂಟರ್ ಮಾಡೆಲ್ ಹಾಕಿ ನೋಡಿದೆವು. ಬೆಂಗಳೂರಿನ ಹುಡುಗ ಮಾತಾಡಿದರೆ ಪರವಾಗಿಲ್ಲ. ನಮ್ಮ ಮಾವ ಪಾಂಡವಪುರದಿಂದ ಫೋನ್ ಮಾಡಿ "ನಾಲೇಲಿ ನೀರ್ ಬುಟ್ಟವ್ರಾ" ಅಂದರೆ ಅದು ಏನೇನೋ ಬರೆದುಕೊಂಡು ಕೂರುತ್ತದೆ.

ಮಾಡೆಲಿಗೆ ನಮ್ಮ ಮಾತು ಕಲಿಸಲು, ಅಂದರೆ ಟ್ರೈನಿಂಗಿಗೆ, ಡೇಟಾ ಬೇಕು. ಈಗ ಒಬ್ಬರು ಮಾರಾಟಗಾರರು ಸಿಕ್ಕಿದ್ದಾರೆ. 600 ಗಂಟೆ ಕನ್ನಡ ಮಾತು, ಜೊತೆಗೆ ಬರಹ, 800 ಜನರ ದನಿ, 16 ಕಿಲೋಹರ್ಟ್ಸ್ (ಸೆಕೆಂಡಿಗೆ 16,000 ಸಲ ದನಿ ಅಳೆದ ರೆಕಾರ್ಡಿಂಗ್), "98 ಪರ್ಸೆಂಟ್ ಕರೆಕ್ಟ್" ಅನ್ನುತ್ತಾರೆ. 20 ಫೈಲ್ ಸ್ಯಾಂಪಲ್ ಕಳಿಸಿದರು. ಕೇಳಿದೆವು, ಒಂದಕ್ಕಿಂತ ಒಂದು ಚೆನ್ನಾಗಿವೆ. ತಿಂಗಳ ಕೊನೆಯೊಳಗೆ ಪೂರ್ತಿ ದುಡ್ಡು ಕಟ್ಟಿದರೆ ಡಿಸ್ಕೌಂಟ್ ಅಂತೆ. ಆದರೆ ಅದನ್ನು ಕೊಟ್ಟರೆ ಈ ವರ್ಷ ನಮ್ಮ ಹತ್ತಿರ ಇರುವುದರಲ್ಲಿ ಮುಕ್ಕಾಲು ಪಾಲು ಹೋಗಿಬಿಡುತ್ತದೆ. ತಪ್ಪಾದರೆ ಅಂಗಡಿ ಮುಚ್ಚಬೇಕು, ಉತ್ಪ್ರೇಕ್ಷೆ ಅಲ್ಲ. ಇಂಥದ್ದನ್ನು ಕೊಂಡು ಅನುಭವ ಇರುವವರು ಹೇಳಿ, ಎಲ್ಲಿಂದ ಶುರು ಮಾಡಬೇಕು?

ಒಗ್ಗರಣೆ (ಮೈಸೂರು):

ಅವರೇ ಆರಿಸಿ ಕಳಿಸಿದ 20 ಫೈಲು ಅಂದರೆ ಟೊಮೆಟೊ ಕ್ರೇಟಿನ ಮೇಲಿನ ಸಾಲು. ಅದನ್ನು ನೋಡಿ ಯಾರಾದರೂ ಕ್ರೇಟ್ ಎತ್ತುತ್ತಾರಾ?

ಇನ್ನೊಂದು ಮಾತು. ಕಬ್ಬಿನ ಊರಲ್ಲಿದ್ದುಕೊಂಡು ನೀವು ಟನ್ ಲೆಕ್ಕ ಮಾತ್ರ ಹೇಳುತ್ತಿದ್ದೀರಿ. ಕಬ್ಬಿಗೆ ಸರ್ಕಾರ ಕೊಡಿಸುವ ಬೆಲೆ, ಎಫ್‌ಆರ್‌ಪಿ, ಅದನ್ನು ಕೂಡ ನೂರಕ್ಕೆ 10.25 ಸಕ್ಕರೆ ಇಳುವರಿ ಅಂತ ಇಟ್ಟುಕೊಂಡು ನಿಗದಿ ಮಾಡುತ್ತಾರೆ. 600 ಗಂಟೆ ಅನ್ನುವುದು ಟನ್. ಇಳುವರಿ ಎಷ್ಟು?

ಪುಕ್ಕಟೆ ಸಿಗುವ ಮಾತಿನ ಡೇಟಾವನ್ನೆಲ್ಲ ಮೊದಲು ನೋಡಿದ್ದೀರಾ? ಐಐಟಿ ಮದ್ರಾಸಿನ ಎಐ4ಭಾರತ್‌ನವರ ಶ್ರುತಿಲಿಪಿ, ಕಥ್‌ಬಾತ್, ಇಂಡಿಕ್‌ವಾಯ್ಸಸ್ ಮೂರರಲ್ಲೂ ಕನ್ನಡ ಇದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯವರ ವಾಣಿ ಇದೆ, ಅದು ಜಿಲ್ಲೆವಾರು. ಅವರದ್ದೇ ರೆಸ್ಪಿನ್ ಅಂತ ಇನ್ನೊಂದಿದೆ. ಅದು ಕೃಷಿ ಮತ್ತು ಹಣಕಾಸು ವಿಷಯಕ್ಕೇ, ಆಡುನುಡಿ ಗಮನದಲ್ಲಿಟ್ಟುಕೊಂಡು ಮಾಡಿದ್ದು, ಒಂಬತ್ತು ಭಾಷೆಗಳಲ್ಲಿ ಕನ್ನಡವೂ ಒಂದು. ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮಾತಿನ ಡೇಟಾ ಪುಕ್ಕಟೆ ಸಿಗುವ ಓಪನ್‌ಎಸ್‌ಎಲ್‌ಆರ್ ಅನ್ನುವ ವೆಬ್‌ಸೈಟಿನಲ್ಲಿ 79ನೇ ನಂಬರಿನದ್ದು ಗೂಗಲ್‌ನವರು ಕೊಟ್ಟ ಕನ್ನಡ ಡೇಟಾ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ಭಾಷೆಯ ಡೇಟಾಕ್ಕೇ ಎಲ್‌ಡಿಸಿ-ಐಎಲ್ ಅಂತ ಒಂದು ಯೋಜನೆ ಇದೆ, ಅವರೂ ಮಾತಿನ ಡೇಟಾ ಕೊಡುತ್ತಾರೆ. ನಿಮ್ಮೂರಿನಿಂದ ಒಂದು ಗಂಟೆ ದಾರಿ, ಹೋಗಿ ಮಾತಾಡಿಕೊಂಡೇ ಬನ್ನಿ. ಎಲ್ಲದರ ಲೈಸೆನ್ಸ್ ಬೇರೆ ಬೇರೆ, ಅದನ್ನು ಮಾತ್ರ ಓದಿ.

ಇದನ್ನೆಲ್ಲ ಹಾಕಿ ನೋಡಿದ ಮೇಲೂ ಏನು ಕೊರತೆ ಉಳಿಯುತ್ತದೋ ಅದಕ್ಕೆ ದುಡ್ಡು ಕೊಡಿ.

ಹೆಬ್ಬಾಳದಬಿಸಿಲು (ಮೈಸೂರು):

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಪುಕ್ಕಟೆ ಡೇಟಾ ಇಳಿಸಿಕೊಳ್ಳಿ, ಬಳಸದಿದ್ದರೂ ಪರವಾಗಿಲ್ಲ. ಯಾಕೆಂದರೆ ಮಾರುವವರು ಅದನ್ನೇ ಪ್ಯಾಕ್ ಮಾಡಿ ನಿಮಗೆ ಕೊಡುತ್ತಿರಬಹುದು. ಅವರ ಬರಹದ ಸಾಲುಗಳನ್ನು ಈ ಪುಕ್ಕಟೆ ಸೆಟ್‌ಗಳ ಸಾಲುಗಳ ಜೊತೆ ಹೋಲಿಸಿ. ಅರ್ಧ ದಿನದ ಕೆಲಸ.

ನನ್ನ ಕಥೆ ಹೇಳುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಹೀಗೇ ಡೇಟಾ ಕೊಂಡೆವು. ದುಡ್ಡು ಕಟ್ಟಿ, ಎರಡು ತಿಂಗಳು ಟ್ರೈನಿಂಗ್ ಮಾಡಿ, ಮಾಡೆಲ್ ಯಾಕೋ ಏಳುತ್ತಲೇ ಇಲ್ಲ ಅಂತ ತಲೆ ಕೆಡಿಸಿಕೊಂಡು ಕೊನೆಗೆ ಒಂದು ದಿನ ಬರಹದ ಕಾಲಮ್ಮನ್ನು ಸುಮ್ನೆ ಸಾರ್ಟ್ ಮಾಡಿ ನೋಡಿದರೆ, ಒಂದೊಂದು ವಾಕ್ಯವೂ ಮೂರು ಸಲ ಇತ್ತು. ಅದೇ ದನಿ. ಒಂದು ನಿಧಾನ, ಒಂದು ಸರಿಯಾದ ವೇಗ, ಒಂದು ಸ್ವಲ್ಪ ಬೇಗ. ವೇಗ ಬದಲಿಸಿ ಡೇಟಾ ಹೆಚ್ಚಿಸುವುದು ಟ್ರೈನಿಂಗ್ ಮಾಡುವವರೆಲ್ಲ ತಮ್ಮ ಕಂಪ್ಯೂಟರಿನಲ್ಲಿ ಪುಕ್ಕಟೆ ಮಾಡಿಕೊಳ್ಳುವ ಕೆಲಸ. ಇವರು ಅದನ್ನೇ ಗಂಟೆ ಲೆಕ್ಕಕ್ಕೆ ಸೇರಿಸಿ ಮಾರಿದ್ದರು. ಒಂದು ಗಂಟೆಯ ಮಾತಿಗೆ ಮೂರು ಗಂಟೆಯ ಬಿಲ್ಲು. ದುಡ್ಡು ವಾಪಸ್ ಬರಲಿಲ್ಲ, ಅಗ್ರಿಮೆಂಟಿನಲ್ಲಿ ಆ ಸಾಲೇ ಇರಲಿಲ್ಲ.

ಅದಾದ ಮೇಲೆ ನಾನು ಮಾಡುವುದು ಇಷ್ಟು. ದನಿ ಕೇಳುವ ಮುಂಚೆ ಪೂರ್ತಿ ಫೈಲ್ ಪಟ್ಟಿ ಕೇಳುತ್ತೇನೆ. ಫೈಲ್ ಹೆಸರು, ಎಷ್ಟು ಸೆಕೆಂಡು, ಮಾತಾಡಿದವರ ನಂಬರು, ಬರಹ. ಆಡಿಯೋ ಬೇಡ, ಪಟ್ಟಿ ಸಾಕು. ಅದನ್ನು ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ನಮಸ್ಕಾರ ಹೇಳಿ ಬನ್ನಿ. ಪಟ್ಟಿ ಬಂದರೆ ಅರ್ಧ ಸತ್ಯ ಅದರಲ್ಲೇ ಸಿಗುತ್ತದೆ. 800 ಜನ, 600 ಗಂಟೆ ಅಂದರೆ ತಲೆಗೆ 45 ನಿಮಿಷ. ಲೆಕ್ಕಕ್ಕೆ ಚೆನ್ನಾಗಿದೆ. ಆದರೆ ಇಪ್ಪತ್ತೇ ಜನ ಅರ್ಧ ಡೇಟಾ ಓದಿ ಮುಗಿಸಿ, ಉಳಿದವರು ತಲಾ ಇಪ್ಪತ್ತಮೂರು ನಿಮಿಷ ಮಾತಾಡಿ ಎದ್ದು ಹೋಗಿದ್ದರೂ ಮಾರುವವರು ಸರಾಸರಿಯನ್ನೇ ಹೇಳುತ್ತಾರೆ. ಎಲ್ಲರೂ ಅದೇ ಸಾವಿರ ವಾಕ್ಯಗಳನ್ನು ತಿರುಗಿಸಿ ತಿರುಗಿಸಿ ಓದಿದ್ದಾರಾ, ಅದೂ ಪಟ್ಟಿಯಲ್ಲೇ ಕಾಣುತ್ತದೆ.

ಆಮೇಲೆ ಆ ಪಟ್ಟಿಯಿಂದ ನೀವೇ ಕಣ್ಣು ಮುಚ್ಚಿ 400 ಫೈಲ್ ಆರಿಸಿ, ಅವೇ ಬೇಕು ಅನ್ನಿ. 400 ಯಾಕೆಂದರೆ, ಅಷ್ಟರಲ್ಲಿ ಸಿಗುವ ತಪ್ಪಿನ ಪ್ರಮಾಣ ಪೂರ್ತಿ ಡೇಟಾದ ಪ್ರಮಾಣಕ್ಕಿಂತ ಹೆಚ್ಚೆಂದರೆ ಐದು ಪಾಯಿಂಟ್ ಅತ್ತಿತ್ತ ಇರುತ್ತದೆ, 100ಕ್ಕೆ 95 ಸಲ. ಐದಾರು ಜನ ಕೂತರೆ ಒಂದು ವಾರದಲ್ಲಿ ಕೇಳಿ ಮುಗಿಸಬಹುದು.

16 ಕಿಲೋಹರ್ಟ್ಸ್ ಅನ್ನುವುದನ್ನು ಮಾತ್ರ ನಂಬಬೇಡಿ. ಫೈಲ್ ಹಾಗೆ ಹೇಳುತ್ತದೆ, ಸರಿ. ಹಳೇ ಫೋನ್ ಕಾಲ್‌ಗಳು 8 ಕಿಲೋಹರ್ಟ್ಸ್ ಇರುತ್ತವೆ, ಅದನ್ನು 16ಕ್ಕೆ ಏರಿಸಿ ಸೇವ್ ಮಾಡುವುದು ಒಂದು ಕಮಾಂಡಿನ ಕೆಲಸ. ಅಡಾಸಿಟಿ ಅಥವಾ ಪ್ರಾಟ್ ಅನ್ನುವ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರೋಗ್ರಾಂ, ಅಂದರೆ ದನಿಯ ಚಿತ್ರ, ತೆರೆದು ನೋಡಿ. 8ರ ರೆಕಾರ್ಡಿಂಗಿನಲ್ಲಿ ಅದರ ಅರ್ಧಕ್ಕಿಂತ ಎತ್ತರದ ಸ್ವರ ಉಳಿಯುವುದಿಲ್ಲ, ಹಾಗಾಗಿ 4 ಕಿಲೋಹರ್ಟ್ಸ್‌ನಿಂದ ಮೇಲೆ ಕತ್ತರಿಸಿದ ಹಾಗೆ ಖಾಲಿ ಇದ್ದರೆ ಅದು ಏರಿಸಿದ್ದು. ತಮಾಷೆ ಅಂದರೆ ನಿಮಗೆ ಬರುವುದೇ ಫೋನ್ ಕಾಲ್. ಹಾಗಾಗಿ ನಿಮಗೆ ನಿಜವಾದ 8 ಕಿಲೋಹರ್ಟ್ಸ್ ಡೇಟಾನೇ ಒಳ್ಳೆಯದು, ಸ್ಟುಡಿಯೋದಲ್ಲಿ ಓದಿಸಿದ್ದು ಅಷ್ಟು ಉಪಯೋಗಕ್ಕೆ ಬರಲ್ಲ. ಆದರೆ 8ನ್ನು 16 ಅಂತ ಹೇಳುವವನು ಇನ್ನೇನೇನು ಹೇಳಿರುತ್ತಾನೆ, ಯೋಚನೆ ಮಾಡಿ.

ಡ್ರೈವ್ ಕೈಗೆ ಬಂದಾಗ ಸೈಜ್ ನೋಡುವುದನ್ನೂ ಮರೆಯಬೇಡಿ. 16 ಕಿಲೋಹರ್ಟ್ಸ್, 16 ಬಿಟ್, ಒಂದೇ ಚಾನೆಲ್ ಅಂದರೆ ಗಂಟೆಗೆ ಸುಮಾರು 115 ಎಂಬಿ. 600 ಗಂಟೆಗೆ 69 ಜಿಬಿ ಬರಬೇಕು. ಅದರಲ್ಲೂ ಮೌನ ಎಷ್ಟು, ಮಾತು ಎಷ್ಟು ಅಂತ ಬೇರೆ ಮಾಡಿ ಅಳೆಯಿರಿ. ವಾಕ್ಯದ ಹಿಂದೆ ಮುಂದೆ ಎರಡೆರಡು ಸೆಕೆಂಡು ಸದ್ದಿಲ್ಲದೆ ಬಿಟ್ಟು ಗಂಟೆ ಬೆಳೆಸುವುದು ಹಳೇ ಆಟ.

ಕುಕ್ಕರಹಳ್ಳಿವಾಕಿಂಗ್ (ಮೈಸೂರು):

ನಾನು ಎಂಜಿನಿಯರ್ ಅಲ್ಲ. ಓದಿದ್ದು ಭಾಷಾವಿಜ್ಞಾನ, ಏಳು ವರ್ಷದಿಂದ ಮಾತನ್ನು ಕೇಳಿ ಬರೆಯುವವರ ಕೆಲಸ ತಿದ್ದುತ್ತಿದ್ದೇನೆ. ಮೇಲಿನ ಪರೀಕ್ಷೆಗಳೆಲ್ಲ ಪಾಸಾದ ಡೇಟಾ ಕೂಡ ನಿಮ್ಮ ಮಾವನ ಮುಂದೆ ಫೇಲ್ ಆಗಬಹುದು.

ಮಂಡ್ಯ ಕಡೆ ಮಾತಿನಲ್ಲಿ ಹಕಾರ ಬೀಳುತ್ತದೆ, ಅಲ್ವಾ? ಹಾಲು ಆಲಾಗುತ್ತದೆ, ಹೋಯ್ತು ಓಯ್ತಾಗುತ್ತದೆ, ಬಿಟ್ಟಿದ್ದಾರೆ ಅನ್ನುವುದು ಬುಟ್ಟವ್ರೆ ಆಗುತ್ತದೆ. ಇದನ್ನು ಬರೆಯುವವರು ಏನು ಬರೆದಿದ್ದಾರೆ? ಕೇಳಿದ ಹಾಗೆ "ಓಯ್ತು" ಅಂತಲೋ, ತಿದ್ದಿ "ಹೋಯಿತು" ಅಂತಲೋ? ಎರಡೂ ತಪ್ಪಲ್ಲ. ಒಂದು ಫೈಲಿನಲ್ಲಿ ಹಾಗೆ, ಇನ್ನೊಂದರಲ್ಲಿ ಹೀಗೆ ಇದ್ದರೆ ಮಾತ್ರ ಕೆಟ್ಟಿತು. ಮಾಡೆಲ್ ಪಾಪ ಯಾವುದನ್ನು ಕಲಿಯಬೇಕು? ಅದಕ್ಕೇ ಬರೆಯುವವರಿಗೆ ಕೊಟ್ಟ ನಿಯಮದ ಪುಸ್ತಕ ಕೇಳಿ. ಹತ್ತು ಪುಟವಾದರೂ ಇರುತ್ತದೆ. ಇಲ್ಲ ಅಂದರೆ ಬರೆದವರು ಅವರವರಿಗೆ ತೋಚಿದ ಹಾಗೆ ಬರೆದಿದ್ದಾರೆ ಅಂತ ಅರ್ಥ.

ಸಂಖ್ಯೆಗಳನ್ನು ಹುಡುಕಿ ಹುಡುಕಿ ಕೇಳಿ. ಕಬ್ಬಿನ ತಳಿ 62175 ಅಂತ ಇದೆಯಲ್ಲ, ಒಬ್ಬರು "ಅರವತ್ತೆರಡು ನೂರಾ ಎಪ್ಪತ್ತೈದು" ಅನ್ನುತ್ತಾರೆ, ಇನ್ನೊಬ್ಬರು "ಸಿಕ್ಸ್ ಟೂ ಒನ್ ಸೆವೆನ್ ಫೈವ್" ಅನ್ನುತ್ತಾರೆ. ಕನ್ನಂಬಾಡಿಯನ್ನು ನಮ್ಮ ಕಡೆ ಯಾರೂ ಕೆಆರ್‌ಎಸ್ ಜಲಾಶಯ ಅನ್ನುವುದಿಲ್ಲ. "ಕಟ್ಟೇಲಿ ಎಷ್ಟ್ ಅಡಿ ಅದೆ" ಅಂತ ಕೇಳುತ್ತಾರೆ. ತುಂಬಿದಾಗ 124.80 ಅಡಿ. ಈ "ಪಾಯಿಂಟ್ ಎಂಬತ್ತು" ಬರಹದಲ್ಲಿ ಅಂಕಿಯಾಗಿದೆಯೋ ಅಕ್ಷರವಾಗಿದೆಯೋ? ಎಕರೆ ಗುಂಟೆ, ಕ್ವಿಂಟಾಲು, ಹತ್ತೂವರೆ, ಕಾಲು ಕೆಜಿ, ಎಲ್ಲ ಹೀಗೇ ನೋಡಬೇಕು.

"ಕರ್ನಾಟಕದ ಎಲ್ಲ ಭಾಗದವರೂ ಇದ್ದಾರೆ" ಅಂತ ಹೇಳಿದರೆ ತಾಲೂಕುವಾರು ಪಟ್ಟಿ ಕೇಳಿ. ಈಗ ಇರುವ ಊರು ಬೇಡ, ಬೆಳೆದ ಊರು ಬೇಕು. ನಾಗಮಂಗಲದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದವನು ನಾಗಮಂಗಲದ ಲೆಕ್ಕಕ್ಕೆ ಬರಲ್ಲ. ವಯಸ್ಸೂ ಕೇಳಿ. ಇಂಥ ಡೇಟಾದಲ್ಲಿ ಇಪ್ಪತ್ತರ ಆಸುಪಾಸಿನ ಕಾಲೇಜು ಹುಡುಗರೇ ತುಂಬಿರುತ್ತಾರೆ, ಸುಲಭವಾಗಿ ಸಿಗುವವರು ಅವರೇ ಅಲ್ವಾ. ನಿಮಗೆ ಫೋನ್ ಮಾಡುವವರು ಐವತ್ತು ಅರವತ್ತು ದಾಟಿದವರು, ಎಲೆ ಅಡಿಕೆ ಹಾಕಿಕೊಂಡು ಮಾತಾಡುವವರು.

ಓದಿದ್ದು ಬೇರೆ, ಆಡಿದ್ದು ಬೇರೆ. ಶ್ರುತಿಲಿಪಿ ಆಕಾಶವಾಣಿ ವಾರ್ತೆಯಿಂದ ತೆಗೆದದ್ದು, ಬಹಳ ದೊಡ್ಡದು, ಚೆನ್ನಾಗಿಯೂ ಇದೆ. (ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ್ದೇ ನಮ್ಮ ಮೈಸೂರಿನಲ್ಲಿ, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ ಶುರುವಾದ ಬಾನುಲಿಯಿಂದ, ಸಂದರ್ಭ ಸಿಕ್ಕಿತು ಹೇಳಿಬಿಟ್ಟೆ.) ಆದರೆ ವಾರ್ತೆ ಓದುವ ಹಾಗೆ ಯಾವ ರೈತ ಫೋನ್ ಮಾಡುತ್ತಾನೆ?

ಇನ್ನೊಂದು, ಬರಹ ಮನುಷ್ಯರು ಬರೆದದ್ದಾ ಅಂತ ನೋಡಿ. ಯಂತ್ರದಿಂದ ಬರೆಸಿ ಮಾರುವುದು ಈಗ ಜಾಸ್ತಿ ಆಗಿದೆ. ಗುರುತು ಹೇಗೆ ಅಂದರೆ, ಮಾತೇ ಇಲ್ಲದ ಕಡೆ, ಬರೀ ಗಾಡಿ ಸದ್ದು ಇರುವ ಕಡೆ ಅಂದವಾದ ಒಂದು ವಾಕ್ಯ ಬಂದು ಕೂತಿರುತ್ತದೆ. ಜನ ಮಾತಾಡುವಾಗ ತಡವರಿಸುತ್ತಾರೆ, "ಅದೂ... ಅದೂ" ಅನ್ನುತ್ತಾರೆ, ಯಂತ್ರ ಅದನ್ನೆಲ್ಲ ನುಂಗಿ ನುಣ್ಣಗೆ ಮಾಡಿಬಿಡುತ್ತದೆ.

ಕಬ್ಬಿನಜಲ್ಲೆ (ಮಂಡ್ಯ):

ಇಷ್ಟೊಂದು ಸಿಗುತ್ತದೆ ಅಂದುಕೊಂಡಿರಲಿಲ್ಲ, ತುಂಬ ಥ್ಯಾಂಕ್ಸ್. ಫೈಲ್ ಪಟ್ಟಿ ಕೇಳಿದ್ದೇವೆ, "ಮ್ಯಾನೇಜ್‌ಮೆಂಟ್ ಹತ್ತಿರ ಕೇಳಿ ಹೇಳುತ್ತೇವೆ" ಅಂದರು. ಒಂದು ದಡ್ಡ ಪ್ರಶ್ನೆ. 98 ಪರ್ಸೆಂಟ್ ಕರೆಕ್ಟ್ ಅಂದರೆ ಒಳ್ಳೆಯದೇ ಅಲ್ವಾ? ನಮ್ಮ ಮಾಡೆಲಿಗೆ ಪದದ ತಪ್ಪು ಅಳೆದರೆ ನೂರಕ್ಕೆ ಐವತ್ತರ ಹತ್ತಿರ ಬರುತ್ತಿದೆ. ಇದಕ್ಕೂ ಅದಕ್ಕೂ ಸಂಬಂಧ ಹೇಗೆ?

ಹೆಬ್ಬಾಳದಬಿಸಿಲು (ಮೈಸೂರು):

ದಡ್ಡ ಪ್ರಶ್ನೆ ಅಲ್ಲ. 98 ಅನ್ನುವುದು ಪದದ ಲೆಕ್ಕವೋ ವಾಕ್ಯದ ಲೆಕ್ಕವೋ ಮೊದಲು ಕೇಳಿ. ಪದದ ಲೆಕ್ಕ ಆದರೆ, ಹತ್ತು ಪದದ ವಾಕ್ಯ ಒಂದೂ ತಪ್ಪಿಲ್ಲದೆ ಇರುವುದು ನೂರಕ್ಕೆ 82ರಷ್ಟು. ಅಂದರೆ ಐದರಲ್ಲಿ ಒಂದು ವಾಕ್ಯದಲ್ಲಿ ಏನೋ ಒಂದು ತಪ್ಪಿದೆ. ಅದೇನು ಅನಾಹುತ ಅಲ್ಲ, ಆದರೆ 98 ಕೇಳಿದಾಗ ಆದ ಖುಷಿ ಇರಲ್ಲ.

ನಿಮ್ಮ ಐವತ್ತರ ವಿಷಯ ಬೇರೆ. ಕನ್ನಡದಲ್ಲಿ ಪದದ ತಪ್ಪು ಅಳೆಯುವುದು ಸ್ವಲ್ಪ ಅನ್ಯಾಯ. ಬರಹದಲ್ಲಿ "ಹೋಗಬೇಕು ಅಂತ ಇದ್ದೀನಿ" ಅಂತ ಮೂರು ಪದ ಇದೆ, ಮಾಡೆಲ್ "ಹೋಗಬೇಕಂತಿದ್ದೀನಿ" ಅಂತ ಒಂದೇ ಪದ ಬರೆಯಿತು ಅಂತಿಟ್ಟುಕೊಳ್ಳಿ. ಒಂದು ಪದ ಬದಲಾಯಿತು, ಎರಡು ಬಿಟ್ಟುಹೋಯಿತು, ಮೂರಕ್ಕೆ ಮೂರು ತಪ್ಪು, ನೂರಕ್ಕೆ ನೂರು! ಓದುವವರಿಗೆ ಒಂದು ತಪ್ಪೂ ಕಾಣಲ್ಲ. ಅದಕ್ಕೇ ಅಕ್ಷರದ ತಪ್ಪನ್ನೂ ಜೊತೆಗೆ ಅಳೆಯಿರಿ. ಅದಕ್ಕಿಂತ ಮುಖ್ಯ, ನಿಮಗೆ ಬೇಕಾದ ಪದಗಳು ಸರಿ ಬಂದವಾ ಅಂತ ಬೇರೆಯಾಗಿ ಎಣಿಸಿ. ಊರ ಹೆಸರು, ತಳಿ, ದುಡ್ಡು, ತಾರೀಖು.

ಅಳೆಯುವ ಮುಂಚೆ ಯೂನಿಕೋಡ್ ಸರಿ ಮಾಡಿಕೊಳ್ಳಿ. ಅದೇ "ಕೊ" ಎರಡು ರೀತಿಯ ಕೋಡ್‌ನಲ್ಲಿ ಬರುತ್ತದೆ, ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಅರ್ಕಾವತ್ತಿನ ಹತ್ತಿರ ಕಣ್ಣಿಗೆ ಕಾಣದ ಜೋಡಕಗಳು ಸೇರಿಕೊಂಡಿರುತ್ತವೆ.

ಮತ್ತೆ ನಿಮ್ಮ ಪರೀಕ್ಷೆ ಪೇಪರ್ ಯಾವುದು? ಇದು ನಾನು ಮೊದಲೇ ಕೇಳಬೇಕಿತ್ತು. ಕೊಳ್ಳುವ ಮುಂಚೆ ನಿಮ್ಮ ಜಿಲ್ಲೆಯ ಏಳೂ ತಾಲೂಕಿನಿಂದ, ನಿಜವಾದ ಫೋನಿನಲ್ಲಿ, ಎರಡು ಮೂರು ಗಂಟೆ ಮಾತು ನೀವೇ ರೆಕಾರ್ಡ್ ಮಾಡಿ. ಅದನ್ನು ಬೀಗ ಹಾಕಿ ಇಡಿ. ಟ್ರೈನಿಂಗಿಗೆ ಮುಟ್ಟಬೇಡಿ, ಮಾರುವವರಿಗೆ ತೋರಿಸಬೇಡಿ. ಆಮೇಲೆ ಅವರ ಹತ್ತಿರ 30 ಗಂಟೆ ಮಾತ್ರ ದುಡ್ಡು ಕೊಟ್ಟು ತೆಗೆದುಕೊಳ್ಳಿ. ಮೊದಲು 10 ಗಂಟೆ ಹಾಕಿ ಟ್ರೈನ್ ಮಾಡಿ ಅಳೆಯಿರಿ, ಆಮೇಲೆ 20, ಆಮೇಲೆ 30. ತಪ್ಪು ಇಳಿಯುತ್ತಾ ಹೋದರೆ ಮುಂದಿನ ಗಂಟೆಗಳಿಗೂ ಬೆಲೆ ಇದೆ. 10ರಿಂದ 30ಕ್ಕೆ ಹೋದರೂ ಅಲ್ಲಾಡದಿದ್ದರೆ 600 ತಂದರೂ ಅಷ್ಟೇ.

ಸಹಿಗೆಮುಂಚೆ (ಮೈಸೂರು):

ನಾನು ಅಗ್ರಿಮೆಂಟ್ ಓದುವವನು, ಆಡಿಯೋ ಗೊತ್ತಿಲ್ಲ. ಮಾತಾಡಿದವರು ಒಪ್ಪಿಗೆ ಕೊಟ್ಟಿದ್ದಾರಾ? "ಹೌದು" ಅನ್ನುವ ಉತ್ತರ ಸಾಲದು, ಒಪ್ಪಿಗೆ ಪತ್ರದ ನಮೂನೆ ನೋಡಬೇಕು. ಅದು ಯಾವ ಭಾಷೆಯಲ್ಲಿದೆ, ಟ್ರೈನಿಂಗಿಗೆ ಬಳಸುತ್ತೇವೆ, ಬೇರೆಯವರಿಗೆ ಮಾರುತ್ತೇವೆ ಅಂತ ಅದರಲ್ಲಿ ಬರೆದಿದೆಯಾ ನೋಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ನೋಟಿಸ್ ಓದುವ ಆಯ್ಕೆ ಕೊಡಬೇಕು ಅಂತಿದೆ, ಕನ್ನಡವೂ ಅದರಲ್ಲಿ ಬಂತು. ಕೊಟ್ಟ ಒಪ್ಪಿಗೆ ವಾಪಸ್ ತೆಗೆದುಕೊಳ್ಳುವ ಹಕ್ಕೂ ಇದೆ. 18 ತುಂಬದವರ ದನಿ ಇದ್ದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ದಂಡ 250 ಕೋಟಿವರೆಗೂ ಹೋಗಬಹುದು, ಐದು ಜನರ ಕಂಪನಿಗೆ ಅದರ ಸಾವಿರದಲ್ಲೊಂದು ಪಾಲೂ ಜಾಸ್ತಿಯೇ.

ಯಾವುದೋ ಕಾಲ್ ಸೆಂಟರಿನ ರೆಕಾರ್ಡಿಂಗ್ ಆಗಿದ್ದರಂತೂ ದೂರ ಇರಿ. ಅದರಲ್ಲಿ ಜನರ ಹೆಸರು, ಖಾತೆ ನಂಬರು ಎಲ್ಲ ಇರುತ್ತದೆ. ನೀವು ಮಾವನ ದನಿ ರೆಕಾರ್ಡ್ ಮಾಡಿದರೂ ಕೇಳಿಯೇ ಮಾಡಿ. ತಮಾಷೆಗೆ ಹೇಳುತ್ತಿಲ್ಲ.

ದುಡ್ಡನ್ನು ಕಂತಿನಲ್ಲಿ ಕೊಡಿ. ಪ್ರತಿ ಕಂತಿನ ಡೇಟಾ ಬಂದ ಮೇಲೆ ಪರೀಕ್ಷೆಗೆ 15 ದಿನ, ಇಷ್ಟಕ್ಕಿಂತ ಜಾಸ್ತಿ ತಪ್ಪಿದ್ದರೆ ಬದಲಿಸಿ ಕೊಡಬೇಕು ಇಲ್ಲವೇ ದುಡ್ಡು ಬಿಡಬೇಕು ಅಂತ ಅಂಕಿಯಲ್ಲೇ ಬರೆಸಿ. "ಗುಣಮಟ್ಟದ ಡೇಟಾ" ಅಂತ ಬರೆದರೆ ಅದಕ್ಕೆ ಅರ್ಥವೇ ಇಲ್ಲ. ಗಂಟೆ ಅಂದರೆ ಮೌನ ತೆಗೆದ ಮೇಲಿನ ಗಂಟೆ ಅಂತಲೂ ಬರೆಸಿ. ಟ್ರೈನ್ ಮಾಡಿದ ಮಾಡೆಲ್ ನಿಮ್ಮದೇ, ಅವರ ಲೈಸೆನ್ಸ್ ಮುಗಿದ ಮೇಲೂ ಬಳಸಬಹುದು, ಅದೂ ಇರಲಿ. ತಿಂಗಳ ಕೊನೆಯ ಡಿಸ್ಕೌಂಟು ಮುಂದಿನ ತಿಂಗಳ ಕೊನೆಗೂ ಬರುತ್ತದೆ ಬಿಡಿ.

ಕಬ್ಬಿನಜಲ್ಲೆ (ಮಂಡ್ಯ):

ಐದು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಪಟ್ಟಿ ಕೊಟ್ಟರು, ಹತ್ತು ದಿನ ಸತಾಯಿಸಿ. ಪೂರ್ತಿ ಮೋಸ ಏನಲ್ಲ. ಮೂರು ಪಟ್ಟು ಮಾಡುವ ಆಟ ಇರಲಿಲ್ಲ, ಪುಕ್ಕಟೆ ಸೆಟ್‌ನಿಂದ ಕದ್ದದ್ದೂ ಸಿಗಲಿಲ್ಲ. ನಾವು ಆರಿಸಿದ 400 ಫೈಲ್ ಕೂತು ಕೇಳಿದೆವು. ಬರಹ ಪರವಾಗಿಲ್ಲ. ಆದರೆ ಕೇಳುತ್ತಾ ಕೇಳುತ್ತಾ ನಮ್ಮ ಆಫೀಸಿನ ಹುಡುಗಿ ಒಂದು ಮಾತು ಹೇಳಿದಳು, "ಇವರೆಲ್ಲ ಇಂಟರ್‌ವ್ಯೂಗೆ ಬಂದವರ ಹಾಗೆ ಮಾತಾಡ್ತಾರೆ ಅಲ್ವಾ" ಅಂತ. ನಿಜ. 400ರಲ್ಲಿ ನಮ್ಮ ಕಡೆಯವರ ಮಾತು ಅಂತ ಅನಿಸಿದ್ದು ಹನ್ನೊಂದು. ಅದರಲ್ಲೂ ನಾಲ್ಕು ಒಬ್ಬರದ್ದೇ.

30 ಗಂಟೆ ಕೊಂಡು ಟ್ರೈನ್ ಮಾಡಿದೆವು. ನಮ್ಮ ಬೀಗ ಹಾಕಿದ ಪರೀಕ್ಷೆಯಲ್ಲಿ ತಪ್ಪು ಚೂರು ಇಳಿಯಿತು, 20 ಗಂಟೆಗೇ ನಿಂತುಹೋಯಿತು. ಆಮೇಲೆ ಹಟಕ್ಕೆ ಬಿದ್ದು ಮಳವಳ್ಳಿ, ಕೆ.ಆರ್. ಪೇಟೆ, ನಾಗಮಂಗಲ ಸುತ್ತಿ ಬೇರೆ ಜನರ ಹತ್ತಿರ ಆರು ಗಂಟೆ ಮಾತು ರೆಕಾರ್ಡ್ ಮಾಡಿ ತಂದೆವು, ಬರೆದೆವು, ಹಾಕಿದೆವು. ಆ ಆರು ಗಂಟೆ ಈ 30 ಗಂಟೆಗಿಂತ ಜಾಸ್ತಿ ಇಳಿಸಿತು! ರೆಸ್ಪಿನ್ ಸೇರಿಸಿದಾಗ ಇನ್ನೂ ಸ್ವಲ್ಪ. ಮಾವನ "ಬುಟ್ಟವ್ರಾ" ಈಗ ಸರಿ ಬರುತ್ತಿದೆ. "ಆಲು" ಅಂದರೆ ಹಾಲೋ ಆಲೂಗಡ್ಡೆಯೋ ಅನ್ನುವ ಗೊಂದಲ ಇನ್ನೂ ಇದೆ.

600 ಗಂಟೆ ಬೇಡ ಅಂತ ಹೇಳಿದ್ದೇವೆ. ಬದಲಿಗೆ ಅದೇ ಮಾರಾಟಗಾರರ ಹತ್ತಿರ, ನಮ್ಮ ನಿಯಮದ ಪುಸ್ತಕ ಕೊಟ್ಟು, ಮಂಡ್ಯ ಮತ್ತು ಮೈಸೂರು ಜಿಲ್ಲೆಯಲ್ಲಿ ಹೊಸದಾಗಿ 80 ಗಂಟೆ, ನಾಲ್ಕು ಕಂತು, ನಲವತ್ತು ದಾಟಿದವರು ಅರ್ಧಕ್ಕಿಂತ ಕಮ್ಮಿ ಇರಬಾರದು ಅಂತ ಮಾತಾಡುತ್ತಿದ್ದೇವೆ. ಗಂಟೆಗೆ ರೇಟು ಜಾಸ್ತಿ ಕೇಳುತ್ತಿದ್ದಾರೆ, ಕೊಡಬೇಕಾಗುತ್ತದೆ ಅನಿಸುತ್ತೆ. ಮೊದಲ ಕಂತು ಆಲೆಮನೆಗಳಿಂದ ಶುರು ಮಾಡೋಣ ಅಂತಿದ್ದೇವೆ.

ಕುಕ್ಕರಹಳ್ಳಿವಾಕಿಂಗ್ (ಮೈಸೂರು):

ಆಲೆಮನೆಯಲ್ಲಿ ರೆಕಾರ್ಡ್ ಮಾಡುವಾಗ ಗಾಣ ನಿಲ್ಲಿಸಿ ಅಂತ ಮಾತ್ರ ಹೇಳಬೇಡಿ. ಅವರು ಫೋನ್ ಮಾಡುವುದು ಆ ಸದ್ದಿನ ಮಧ್ಯದಿಂದಲೇ. ಸದ್ದು ಇದ್ದ ಕಡೆ ಬರಹದಲ್ಲಿ ಒಂದು ಗುರುತು ಹಾಕುವ ನಿಯಮ ಸೇರಿಸಿ, ಸಾಕು.

ಒಗ್ಗರಣೆ (ಮೈಸೂರು):

ಬಿಸಿ ಬೆಲ್ಲ ಕೊಟ್ಟರೆ ಬೇಡ ಅನ್ನಬೇಡಿ. ಆದರೆ ಬಾಯಲ್ಲಿ ಇಟ್ಟುಕೊಂಡು ಪ್ರಶ್ನೆ ಕೇಳಬೇಡಿ, ನಿಮ್ಮ ದನಿಯೂ ಡೇಟಾದಲ್ಲಿ ಬರುತ್ತೆ.